ಆನೆಗೂ ಆಗಬೇಕು, ಹಂದಿಗೂ ಆಗಬೇಕು

ನಮ್ಮ ಸೋದರಮಾವ ದಾವಣಗೆರೆಯ ತಮ್ಮ ಜವಳಿ ಅಂಗಡಿಯ ಗಾದಿಯ ಮೇಲೆ ಕೂತೇ ಆನೆ, ಹುಲಿ, ಕಾಡುಕೋಣ ಮೂರನ್ನೂ ಹೊಡೆದು ಮುಗಿಸಿದ್ದರು. ಬಾಕಿ ಉಳಿದದ್ದು ಬಂದೂಕು ಕೊಳ್ಳುವುದೊಂದೇ.

ಇದು ಐವತ್ತರ ದಶಕದ ಮಾತು. ಆಗ ಶಿಕಾರಿಗೆ ಈಗಿನಂತೆ ನಿಷೇಧವಿರಲಿಲ್ಲ. ನಾನು ಹತ್ತಿ ಗಿರಣಿಯೊಂದರ ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಶಿವಮೊಗ್ಗದ ಕಡೆಯ ಕಾಡಿನ ಕಂತ್ರಾಟುದಾರನೊಬ್ಬ ಮಾವನ ಅಂಗಡಿಗೆ ಪಂಚೆ ಕೊಳ್ಳಲು ಬಂದವನು, ಕಾಡುಕೋಣ ತನ್ನನ್ನು ಅಟ್ಟಿಸಿಕೊಂಡು ಬಂದ ಕಥೆ ಹೇಳಿ ಹೋದ. ಪಂಚೆ ಕೊಂಡನೋ ಇಲ್ಲವೋ ಮಾವನಿಗೆ ನೆನಪಿರಲಿಲ್ಲ. ಕಾಡುಕೋಣ ಮಾತ್ರ ತಲೆಯೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ.

ಹುಟ್ಟಿದಾರಭ್ಯ ಮಾವನದು ಒಂದೇ ಸಿದ್ಧಾಂತ: ಒಂದು ವಸ್ತು ಕೊಂಡರೆ ಅದು ಎಲ್ಲದಕ್ಕೂ ಆಗಬೇಕು. ಗಿರಾಕಿ ಕೋಟಿನ ಬಟ್ಟೆ ಕೇಳಿದರೆ, ಕೋಟಿಗೂ ಆಗುವ, ಕೋಟು ಹರಿದ ಮೇಲೆ ಚೀಲಕ್ಕೂ ಆಗುವ, ಚೀಲವೂ ಹರಿದ ಮೇಲೆ ನೆಲ ಒರೆಸಲು ಬರುವ ಬಟ್ಟೆ ತೋರಿಸುತ್ತಿದ್ದರು. ಅದರ ಕೋಟು ಹೊಲಿಸಿಕೊಂಡವರು ಮೊದಲ ದಿನದಿಂದಲೇ ಚೀಲದ ಹಾಗೆ ಕಾಣುತ್ತಿದ್ದರು ಎನ್ನುವುದು ಬೇರೆ ವಿಚಾರ. ಅಂಥವರು ಆನೆಗೊಂದು, ಜಿಂಕೆಗೊಂದು ಅಂತ ಬಂದೂಕು ಕೊಳ್ಳುತ್ತಾರೆಯೇ?

ಪೇಟೆಯಲ್ಲಿ ಬಂದೂಕು ಮಾರುವ ಸಾಹೇಬರೊಬ್ಬರಿದ್ದರು. ಮಾವ ಸಂಜೆಯಾದರೆ ಅವರ ಅಂಗಡಿಯಲ್ಲಿ ಹಾಜರು. ತಮಗೆ ಬೇಕಾದ ರೈಫಲ್ ಎಂಥದ್ದೆಂದು ಮೊದಲ ಭೇಟಿಯಲ್ಲೇ ವಿವರಿಸಿದರಂತೆ. ಆನೆ ಕೆಡವಬೇಕು, ಜಿಂಕೆಯ ಮಾಂಸ ಚಿಂದಿಯಾಗಬಾರದು, ಹೆಗಲಿಗೆ ಹಗುರವಿರಬೇಕು, ಜೇಬಿಗೂ ಹಗುರವಿರಬೇಕು. ಸಾಹೇಬರು ಚಹಾ ತರಿಸಿದರು. ಅವರು ಚಹಾ ತರಿಸುತ್ತಿದ್ದದ್ದು ವ್ಯಾಪಾರ ಕುದುರಿದಾಗ ಅಥವಾ ತಲೆ ಕೆಟ್ಟಾಗ.

"ಯಜಮಾನ್ರ, ದಾವಣಗೆರ್ಯಾಗ ಆನೆ ಎಲ್ಲೈತ್ರಿ?" ಅಂದರು.

"ಬಂದ ಮ್ಯಾಲೆ ಬಂದೂಕು ಹುಡುಕ್ಕೊಂಡು ನಿಮ್ಮ ಅಂಗಡಿಗೆ ಓಡಿ ಬರ್ಲಾ?" ಅಂದರು ಮಾವ.

ಸಾಹೇಬರು ಇನ್ನೊಂದು ಚಹಾ ತರಿಸಿದರು.

ರೈಫಲ್ಲಿನ ತೂಕ ಹೊರುವುದು ತಮ್ಮ ಹೆಗಲಿಗೆ ಒಗ್ಗುತ್ತದೆಯೇ ಎಂದು ಮುಂಚೆಯೇ ತಿಳಿಯಬೇಕಲ್ಲ! ಮಾವ ಅಡುಗೆಮನೆಯ ಒನಕೆ ಹೆಗಲಿಗೇರಿಸಿ, ತಲೆಗೆ ರುಮಾಲು ಸುತ್ತಿ, ಒಂದು ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆಯ ದಾರಿ ಹಿಡಿದರು. ಜೊತೆಗೆ ನಾನೂ ಇದ್ದೆ. ದಾರಿಯಲ್ಲಿ ಸಿಕ್ಕ ಹೆಣ್ಣುಮಕ್ಕಳು, ಯಾರ ಮನೆಯಲ್ಲಿ ಮದುವೆ, ಅರಿಶಿನ ಕುಟ್ಟೋದು ಯಾವಾಗ ಎಂದು ಕೇಳಿದರು. ಮಾವ ಗಂಭೀರವಾಗಿ, ಇನ್ನೂ ನಿಶ್ಚಯವಾಗಿಲ್ಲ, ನೋಡುತ್ತಾ ಇದ್ದೇವೆ ಎಂದರು. ಹೆಣ್ಣುಮಕ್ಕಳೆಲ್ಲ ತಿರುಗಿ ನನ್ನನ್ನು ನೋಡಿದರು. ಕೆರೆ ಮುಟ್ಟುವವರೆಗೂ ನಾನು ತಲೆ ಎತ್ತಲಿಲ್ಲ.

ಇನ್ನು ಬಂದೂಕಿನ ಒದೆತ. ದೊಡ್ಡ ಮೃಗದ ರೈಫಲ್ ಹಾರಿಸಿದವನ ಭುಜಕ್ಕೆ ಕತ್ತೆ ಒದ್ದಂತೆ ಒದೆಯುತ್ತದೆಂದು ಸಾಹೇಬರು ಹೇಳಿದ್ದರು. ಅದನ್ನೂ ಪರೀಕ್ಷಿಸಬೇಕೆಂದು ಮಾವ ಭುಜಕ್ಕೆ ದುಪ್ಪಟಿ ಕಟ್ಟಿಕೊಂಡು ಹಿತ್ತಲಲ್ಲಿ ನಿಂತು, ಒನಕೆಯ ತುದಿಯಿಂದ ಗುದ್ದಲು ನನಗೆ ಹೇಳಿದರು. ಹಿರಿಯರನ್ನು ಒನಕೆಯಿಂದ ಗುದ್ದುವುದು ಹೇಗೆ? ನಾನು ಮೆಲ್ಲಗೆ ಮುಟ್ಟಿಸಿದೆ. ಇದು ಗುಬ್ಬಿ ಹೊಡೆಯುವ ಬಂದೂಕು ಎಂದು ಬೈದರು. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತೆ ಎದ್ದು, ಸೆರಗು ಸಿಕ್ಕಿಸಿ, "ಇಲ್ಲಿ ಕೊಡು ತಮ್ಮ" ಎಂದು ಒನಕೆ ಇಸಿದುಕೊಂಡರು. ಮಾವ ಕಣ್ಣು ಬಿಟ್ಟಾಗ ಬಾಳೆಗಿಡದ ಬುಡದಲ್ಲಿದ್ದರು. ಎದ್ದವರೇ ಮೈಮಣ್ಣು ಕೊಡವಿಕೊಂಡು, ಅಗಲ ನಳಿಗೆಯ ದೊಡ್ಡ ಬೋರಿನದು ನಮಗೆ ಬೇಡ, ಮಧ್ಯಮದ್ದೇ ಸರಿ ಎಂದು ತೀರ್ಪು ಕೊಟ್ಟರು. ಪರೀಕ್ಷೆ ವ್ಯರ್ಥವಾಯಿತೆಂದು ಯಾರೂ ಹೇಳುವಂತಿಲ್ಲ.

ಅಷ್ಟರಲ್ಲಿ ಹರಪನಹಳ್ಳಿ ಕಡೆಯ ಹಳೆಯ ಮನೆತನದವರೊಬ್ಬರು ಜೋಡುನಳಿಗೆಯ ಆನೆ ಬಂದೂಕೊಂದನ್ನು ಅಗ್ಗಕ್ಕೆ ಕೊಡುತ್ತಾರೆಂದು ಸುದ್ದಿ ಬಂತು. ಅಗ್ಗವೆಂದರೆ ಮಾವ ಬಿಡುವವರಲ್ಲ, ಹೋಗಿ ನೋಡಿದೆವು. ನಳಿಗೆಯೊಳಗೆ ಹೆಬ್ಬೆರಳು ಸಲೀಸಾಗಿ ಹೋಗುತ್ತಿತ್ತು. ಹಿಡಿಯ ಮೇಲೆ ಬೆಳ್ಳಿಯ ಹೂಬಳ್ಳಿ ಬೇರೆ. ನನಗಂತೂ ಅಲ್ಲಿಯೇ ಮನಸ್ಸು ಸೋತಿತ್ತು. ಮಾವ ಒಂದೇ ಪ್ರಶ್ನೆ ಕೇಳಿದರು, ಇದಕ್ಕೆ ತುಂಬುವ ತೋಟಾ ಎಲ್ಲಿ ಸಿಗುತ್ತದೆ ಅಂತ. ಅಜ್ಜನ ಕಾಲದಲ್ಲಿ ವಿಲಾಯತಿಯಿಂದ ಬರುತ್ತಿದ್ದವು ಎಂದು ಆ ಮನೆಯವರು ಹೇಳಿದರು. ಮಾವ ಕೈಮುಗಿದು ಎದ್ದರು. ತೋಟಾ ಇಲ್ಲದ ಬಂದೂಕಿಗಿಂತ ನಮ್ಮ ಮನೆಯ ಒನಕೆ ಮೇಲು, ಅದರಿಂದ ಖಾರವನ್ನಾದರೂ ಕುಟ್ಟಬಹುದು ಎಂದು ದಾರಿಯುದ್ದಕ್ಕೂ ಹೇಳಿದರು.

ಕೊನೆಗೆ ಕೊಂಡದ್ದು ನಮ್ಮ ದೇಶದ ಕಾರ್ಖಾನೆಯದೇ ಆದ ಸಾದಾ ತ್ರೀ ಫಿಫ್ಟೀನ್ ರೈಫಲ್. ಬೆಲೆ ಕೈಗೆಟುಕುವಂತಿತ್ತು, ತೋಟಾ ಸಾಹೇಬರ ಅಂಗಡಿಯಲ್ಲೇ ಸಿಗುತ್ತಿತ್ತು. ಆನೆಗೆ ಇದು ಸಾಲದು ಎಂದು ಸಾಹೇಬರು ಪ್ರಾಮಾಣಿಕವಾಗಿ ಎಚ್ಚರಿಸಿದರು. ಆನೆ ಬಂದರೆ ಆವಾಗ ವಿಚಾರ ಮಾಡೋಣ ಎಂದು ಮಾವ ಮೊದಲ ಸಲ ಒಂದು ಮೆಟ್ಟಿಲು ಇಳಿದರು. ಲೈಸೆನ್ಸ್ ಕೊಡುವ ಮುಂಚೆ ಅಧಿಕಾರಿಗಳು ಯಾವ ಪ್ರಾಣಿಯ ಕಾಟ ಎಂದು ವಿಚಾರಿಸಿದಾಗಲೂ, ಸದ್ಯಕ್ಕೆ ಹಂದಿ, ಮುಂದೆ ಏನೇನು ಬರುತ್ತಾವೋ ಹೇಳಲಾಗದು ಎಂದು ಧೈರ್ಯವಾಗಿಯೇ ಹೇಳಿದ್ದರು. ಹಂದಿಯ ಮಾತು ಸುಳ್ಳಲ್ಲ. ಅತ್ತೆಯ ತವರು ನಂದಿಗುಡಿಯಲ್ಲಿ ಅವರ ಪಾಲಿಗೆ ಬಂದ ಹೊಲವಿತ್ತು, ಅಲ್ಲಿ ಹಂದಿಗಳ ಕಾಟ ಇದ್ದೇ ಇತ್ತು.

ಬೋರಲು ಹಾಕಿದ ಮಡಕೆಗಳನ್ನಿಟ್ಟು ಹರಿಹರದ ಹೊಳೆದಂಡೆಯಲ್ಲಿ ಅಭ್ಯಾಸ ಮಾಡಿದರು. ಆಶ್ಚರ್ಯವೆಂದರೆ ಮಾವನ ಗುರಿ ಚೆನ್ನಾಗಿತ್ತು. ನಗಲು ಬಂದವರು ಮಡಕೆಯ ಚೂರು ನೋಡಿಕೊಂಡು ಸುಮ್ಮನೆ ಹಿಂದಿರುಗಿದರು.

ಹೀಗಿರುವಾಗ ನಂದಿಗುಡಿಯಿಂದ ಅತ್ತೆಯ ಅಣ್ಣ ಬಂದರು. ಒಂಟಿ ಹಂದಿಯೊಂದು ಕಬ್ಬಿನಲ್ಲಿ ಸೇರಿಕೊಂಡು ಆಳೊಬ್ಬನ ಕಾಲು ಸೀಳಿದೆ, ಜನ ಹೊಲಕ್ಕೆ ಇಳಿಯುತ್ತಿಲ್ಲ, ಕಬ್ಬು ಕಡಿಯುವ ಹೊತ್ತು ಮೀರುತ್ತಿದೆ ಎಂದರು. ಮಾವ ಆ ಮಾತು ಮುಗಿಯುವ ಮೊದಲೇ ರೈಫಲ್ ಇಳಿಸಿ ಎಣ್ಣೆ ಹಚ್ಚತೊಡಗಿದರು. ತವರಿಗೆ ಹೋಗುವ ನೆಪ ಬಿಡುವುದುಂಟೇ? ಅತ್ತೆಯೂ ಹೊರಟರು. ಹರಿಹರದ ತನಕ ರೈಲು, ಮುಂದಕ್ಕೆ ಬಸ್ಸು.

ಮರುದಿನ ಬೆಳಿಗ್ಗೆಯೇ ಊರವರು ಕಬ್ಬಿನ ಒಂದು ಪಕ್ಕದಿಂದ ಡಬ್ಬಿ ಬಡಿಯುತ್ತಾ ಒಳನುಗ್ಗಿದರು. ಇನ್ನೊಂದು ಪಕ್ಕದ ಬದುವಿನ ಮೇಲೆ ಮಾವ, ಅವರ ಹಿಂದೆ ನಾನು. ಹಂದಿ ಹೊರಗೆ ಬೀಳುವ ಜಾಗ, ಗುಂಡು ತಾಗಬೇಕಾದ ಜಾಗ, ಎಲ್ಲವನ್ನೂ ಅವರು ಮೊದಲೇ ಲೆಕ್ಕ ಹಾಕಿದ್ದರು. ಹಂದಿ ಸರಿಯಾಗಿ ಅವರು ಹೇಳಿದಲ್ಲೇ ಹೊರಗೆ ಬಿತ್ತು. ಕರ್ರಗೆ, ಕರುವಿನಷ್ಟು ಎತ್ತರ. ಮಾವ ರೈಫಲ್ ಎತ್ತಿ ಗುರಿ ಹಿಡಿದರು. ಅಷ್ಟು ಬಯಲಲ್ಲಿ, ಅಷ್ಟು ಹತ್ತಿರ ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಹಂದಿಯಾಚೆ, ಅದೇ ನೇರಕ್ಕೆ, ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತು ಅತ್ತೆ ನಿಂತಿದ್ದರು. ನಮಗೆ ಬುತ್ತಿ ಕೊಡಲು ಹೊರಟವರು ಬದು ತಪ್ಪಿ ಅಲ್ಲಿಗೆ ಬಂದಿದ್ದರು. ಹಂದಿ ಅವರತ್ತಲೇ ಓಡುತ್ತಿತ್ತು.

ಮಾವ ಹೊಡೆಯಲಿಲ್ಲ. ಅಷ್ಟು ತಿಂಗಳು ಹುಡುಕಿ, ತೂಗಿ, ಎಣ್ಣೆ ಹಚ್ಚಿ ಸಾಕಿದ ರೈಫಲನ್ನು ಕೆಸರಿಗೆ ಎಸೆದು, ತಲೆಯ ರುಮಾಲು ಬಿಚ್ಚಿ ಬೀಸುತ್ತಾ, ಕೂಗುತ್ತಾ ಹಂದಿಯ ಹಿಂದೆ ಓಡಿದರು. ಗಾಳಿಗೆ ಗುಂಡು ಹಾರಿಸಬಹುದಿತ್ತಲ್ಲ ಎಂದು ಆಮೇಲೆ ಬಹಳ ಜನ ಹೇಳಿದರು. ಹೇಳಿದವರು ಯಾರೂ ಅಲ್ಲಿರಲಿಲ್ಲ. ಹಂದಿ ಕೂಗಿಗೆ ತಿರುಗಿತು. ಮಾವನ ತೊಡೆ ಸೀಳಿ, ಅವರನ್ನು ಉರುಳಿಸಿ ಹೊಳೆಯ ಕಡೆ ಹೊರಟುಹೋಯಿತು.

ಎತ್ತಿನ ಗಾಡಿಯಲ್ಲಿ ಮಲಗಿಸಿ ಹರಿಹರದ ಆಸ್ಪತ್ರೆಗೆ ಕರೆದೊಯ್ದೆವು. ರುಮಾಲಿನಿಂದ ಬಿಗಿದು ಕಟ್ಟಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಅತ್ತೆ ಗಾಯವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

"ಕೈಯಾಗ ಬಂದೂಕು ಇತ್ತಲ್ರಿ, ಯಾಕ ಹೊಡೀಲಿಲ್ಲ?" ಎಂದು ಬೈದರು.

"ಅದರ ಗುಂಡು ಹಂದಿ ಮೈಯಾಗ ನಿಲ್ಲಂಗಿಲ್ಲ, ದಾಟಿ ಹೋಗತೈತೆ" ಅಂದರು ಮಾವ. "ಆಚಿಗೆ ನೀನು ನಿಂತಿದ್ದಿ."

ಮುಂದೆ ಹರಿಹರ ಬರುವವರೆಗೂ ಅತ್ತೆ ಗಾಯದ ಮೇಲಿನ ಕೈ ತೆಗೆಯಲಿಲ್ಲ.

ಗಾಯ ಮಾಯಿತು. ಹಂದಿ ಆ ಕಬ್ಬಿಗೆ ಮತ್ತೆ ಬರಲಿಲ್ಲ, ಕಟಾವು ಮುಗಿಯಿತು. ದಾವಣಗೆರೆಗೆ ಮರಳಿ ಮಾವ ಇನ್ನೂ ಮಂಚದಲ್ಲಿದ್ದಾಗ ನೋಡಲು ಬಂದವರಿಂದ ಪಡಸಾಲೆ ತುಂಬಿತ್ತು. ಊರಿನ ಹಿರಿಯರು, ಅಂಗಡಿಯ ನೆರೆಯವರು, ಬಂದೂಕಿನ ಸಾಹೇಬರು. ಒಬ್ಬೊಬ್ಬರೂ ಒಂದೊಂದು ತಮಾಷೆ ಮಾಡಿದರು. ರೈಫಲ್ ಎಸೆದು ರುಮಾಲಿನಿಂದ ಶಿಕಾರಿ ಮಾಡಿದ ಮೊದಲ ಮನುಷ್ಯ ಎಂದರು. ಮಾವನೂ ಜೋರಾಗಿ ನಕ್ಕರು.

ಹಿರಿಯರು ಕೂತಿರುವಾಗ ನಮ್ಮತ್ತೆ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನೆಂದೂ ಕಂಡಿರಲಿಲ್ಲ. ಅಂದು ಗಂಜಿಯ ಬಟ್ಟಲು ಹಿಡಿದು ನೆಟ್ಟಗೆ ಪಡಸಾಲೆಗೆ ಬಂದರು. ಎಲ್ಲರೂ ನೋಡುತ್ತಿರುವಂತೆಯೇ ಮಂಚದ ಮೇಲೆ ಗಂಡನ ಪಕ್ಕದಲ್ಲಿ ಕೂತು, ಚಮಚದಲ್ಲಿ ಗಂಜಿ ಊದಿ ಊದಿ ಆರಿಸಿ, ಅವರ ಬಾಯಿಗೆ ಹಾಕತೊಡಗಿದರು. ಮಾವನ ಕೈಗಳಿಗೆ ಏನೂ ಆಗಿರಲಿಲ್ಲ. ಆದರೂ ಅವರು ಚಿಕ್ಕ ಮಗುವಿನಂತೆ ಬಾಯಿ ತೆರೆದರು. ಪಡಸಾಲೆಯಲ್ಲಿ ಯಾರೂ ನಗಲಿಲ್ಲ.