ಭಾವನ ಬಂದೂಕಿನ ಬೀರು

ನಮ್ಮ ಭಾವನಷ್ಟು ನಿರುಪದ್ರವಿಯಾದ ಬೇಟೆಗಾರ ಐರ್ಲೆಂಡಿನಲ್ಲಿ ಇನ್ನೊಬ್ಬ ಇರಲಾರ. ಬಚ್ಚಲಲ್ಲಿ ಜೇಡ ಕಂಡರೆ ಅದನ್ನು ಲೋಟದಲ್ಲಿ ಕೂರಿಸಿಕೊಂಡು, ಲಿಫ್ಟಿನಲ್ಲಿ ಮೂರು ಮಹಡಿ ಇಳಿದು, ಗಿಡದ ಬುಡದಲ್ಲಿ ಬಿಟ್ಟು ಬರುವ ಮನುಷ್ಯ. ಮೊಟ್ಟೆ ಹಾಕಿದ ಕೇಕನ್ನು ಮೂಸಿಯೂ ನೋಡದವರು. ಇಂಥವರು ಎರಡು ಸಾವಿರದ ಇಪ್ಪತ್ತರಲ್ಲಿ, ಒಂದು ಕಿಲೋಮೀಟರ್ ಆಚೆ ನಿಂತ ಜಿಂಕೆಯನ್ನು ಕೆಡವಬಲ್ಲ ಮ್ಯಾಗ್ನಂ ರೈಫಲ್ ಕೊಳ್ಳಲು ಹೊರಟರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಡೈರಿಯನ್ನು ಎಳೆದು ತರುವುದಕ್ಕೆ ಕಾರಣವಿದೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಲಾಕ್‌ಡೌನಿನ ಬೇಸರಕ್ಕೆ ಭಾವನಿಗೆ ಈ ಹುಚ್ಚು ಹಿಡಿಯಿತು ಎನ್ನುತ್ತದೆ ನೆನಪು. ಡೈರಿ ಬೇರೆಯೇ ಹೇಳುತ್ತದೆ. ಆಗ ನಾನು ಎಂ.ಎಸ್‌ಸಿ. ಮುಗಿಸಿ, ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿದ್ದ ಅಕ್ಕ-ಭಾವನ ಫ್ಲ್ಯಾಟಿನ ಸಣ್ಣ ರೂಮಿನಲ್ಲಿ ಬಿಡಾರ ಹೂಡಿದ್ದೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಭಾವ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್; ಊಟದ ಮೇಜೇ ಅವರ ಆಫೀಸು. ಒಂದು ಸಂಜೆ ಅಕ್ಕ, "ನಾಳೆಯಿಂದ ನನ್ನನ್ನ ಕೋವಿಡ್ ವಾರ್ಡಿಗೆ ಹಾಕಿದಾರೆ" ಎಂದು ಹೇಳಿ ಬಟ್ಟೆ ಒಗೆಯಲು ಹೋದಳು. ಭಾವ ನನ್ನ ಕಡೆ ತಿರುಗಿ, "ಪುಟ್ಟಿ, ಮ್ಯಾಗ್ನಂ ಅಂದ್ರೇನು ಗೊತ್ತಾ?" ಎಂದರು. ಈ ಎರಡು ಮಾತೂ ಡೈರಿಯ ಒಂದೇ ಪುಟದಲ್ಲಿವೆ.

ಮ್ಯಾಗ್ನಂ ಅಂದರೆ ತೋಟಾ ದೊಡ್ಡದು, ಅದರೊಳಗೆ ಮದ್ದು ಜಾಸ್ತಿ, ಆದ್ದರಿಂದ ಗುಂಡು ಹೆಚ್ಚು ವೇಗವಾಗಿ ಹೆಚ್ಚು ದೂರ ಹೋಗುತ್ತದೆ. ಇಷ್ಟನ್ನು ತಿಳಿಸಲು ಭಾವ ಒಂದು ವಾರ ತೆಗೆದುಕೊಂಡರು. ಏಳು ಮಿಲಿಮೀಟರಿನ ಗುಂಡಿನದೋ, ಇಂಚಿನ ಲೆಕ್ಕದಲ್ಲಿ ಮುನ್ನೂರು ಎಂಬ ಹೆಸರಿನದೋ? ಮೊದಲನೆಯದು ಗಾಳಿಗೆ ಜಗ್ಗುವುದಿಲ್ಲ. ಎರಡನೆಯದರ ಪೆಟ್ಟು ಜೋರು, ಆದರೆ ಭುಜಕ್ಕೆ ಒದೆಯುತ್ತದೆ. ಬೆಳಿಗ್ಗೆ ದೋಸೆಯ ಮುಂದೆ ಏಳು ಗೆದ್ದರೆ ಮಧ್ಯಾಹ್ನ ಮೊಸರನ್ನದ ಮುಂದೆ ಮುನ್ನೂರು ಗೆಲ್ಲುತ್ತಿತ್ತು.

"ಅಲ್ಲ ಭಾವ, ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದು ಅಂತ ರೂಲ್ಸ್ ಇದೆ. ನಿಮಗ್ಯಾಕೆ ಇಷ್ಟು ದೂರ ಹೊಡೆಯೋ ಬಂದೂಕು?"

"ಅದಕ್ಕೇ ಕಣಮ್ಮ. ನಾನಂತೂ ಹೋಗೋ ಹಾಗಿಲ್ಲ, ಗುಂಡಾದ್ರೂ ಹೋಗ್ಲಿ."

ಬೇಟೆಗೆ ಜಮೀನಿನವರ ಒಪ್ಪಿಗೆ ಬೇಕು. ಯಾರದೋ ಮೂಲಕ ವಿಕ್ಲೋ ಬೆಟ್ಟಗಳ ಕಡೆಯ ಒಬ್ಬ ಮುದುಕ ರೈತನ ನಂಬರು ಸಿಕ್ಕಿತು. ಭಾವ ಫೋನಿನಲ್ಲಿ ಗಾಳಿಯ ವೇಗ, ಗುಂಡಿನ ಇಳಿತ ಎಲ್ಲವನ್ನೂ ವಿವರಿಸಿದರು. ಮುದುಕ ಕೊನೆಯವರೆಗೂ "ಗ್ರ್ಯಾಂಡ್, ಗ್ರ್ಯಾಂಡ್" ಎಂದು ಇಲ್ಲಿಯವರ ರೀತಿಯಲ್ಲಿ ಹೂಂಗುಟ್ಟುತ್ತ ಕೇಳಿಸಿಕೊಂಡು, ತನ್ನ ಜಿಂಕೆಗಳು ಅಷ್ಟು ದೂರ ನಿಲ್ಲುವುದಿಲ್ಲವೆಂದೂ, ಅಡುಗೆಮನೆ ಕಿಟಕಿಯ ಕೆಳಗೇ ಬಂದು ಎಲೆಕೋಸು ತಿನ್ನುತ್ತವೆಂದೂ, ಈ ಬಂದೂಕಿನಿಂದ ಹೊಡೆದರೆ ಗುಂಡು ಜಿಂಕೆಯನ್ನೂ ಕೊಟ್ಟಿಗೆಯನ್ನೂ ದಾಟಿ ಪಕ್ಕದವರ ಹಸುವಿಗೆ ಬೀಳುತ್ತದೆಂದೂ ತಿಳಿಸಿದ. ಹಸು ಎಂದೊಡನೆ ಭಾವ ಕ್ಷಮೆ ಕೇಳಿ ಫೋನಿಟ್ಟರು.

ಇಲ್ಲಿ ಲೈಸೆನ್ಸಿಗೆ ಮೊದಲು ಬಂದೂಕಿಡಲು ಕಬ್ಬಿಣದ ಬೀರು ತೋರಿಸಿದರೆ ಒಳ್ಳೆಯದು ಎಂದು ಯಾರೋ ಹೇಳಿದ್ದರಿಂದ, ಬಂದೂಕಿಗೆ ಮುಂಚೆ ಬೀರು ಬಂತು. ಆಳೆತ್ತರದ ಬೀರು. ಅದನ್ನು ಹಾಲಿನ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದರು. ತರುವ ಗಲಾಟೆಯಲ್ಲಿ ನಾನು ಶೂ ಹಾಕಿಕೊಂಡೇ ಒಳಗೆ ಕಾಲಿಟ್ಟಿದ್ದಕ್ಕೆ ಅರ್ಧ ಗಂಟೆ ಬೈಸಿಕೊಂಡೆ. ಭಾವನ ಮನೆಯಲ್ಲಿ ಚಪ್ಪಲಿ, ಶೂ ಹೊಸ್ತಿಲು ದಾಟುವಂತಿಲ್ಲ. ಬಂದೂಕು ಬರಬಹುದು.

ಬೀರುವಿನ ನಂತರ, ಲೈಸೆನ್ಸಿಗೆ ಹಾಕಿದ್ದ ಅರ್ಜಿಯ ಬಗ್ಗೆ ಗಾರ್ಡಾ ಸ್ಟೇಷನ್ನಿನಿಂದ ಫೋನು ಬಂತು. ಇಲ್ಲಿ ಪೊಲೀಸರಿಗೆ ಗಾರ್ಡಾ ಎನ್ನುತ್ತಾರೆ. ಆ ಕಡೆಯ ಹೆಂಗಸು ಬಹಳ ಮೃದುವಾಗಿ, ಏನನ್ನು ಬೇಟೆಯಾಡುತ್ತೀರಿ ಎಂದು ಕೇಳಿದಳು. ಭಾವನಿಗೆ ಸುಳ್ಳು ಬರುವುದಿಲ್ಲ.

"ಏನೂ ಇಲ್ಲ. ನಾನು ವೆಜಿಟೇರಿಯನ್."

ಅರ್ಜಿ ಅಲ್ಲಿಗೆ ಮುಗಿಯಿತು.

ಆದರೆ ಭಾವನ ಅಭ್ಯಾಸ ಮುಗಿಯಲಿಲ್ಲ. ದೂರದ ಗುರಿಯವರು ತಮ್ಮ ತೋಟಾಗಳಿಗೆ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೂಗುತ್ತಾರಂತೆ. ಒಂದು ಗ್ರೇನ್ ಅಂದರೆ ಎರಡು-ಮೂರು ಅಕ್ಕಿಕಾಳಿನ ತೂಕ. ಮದ್ದು ಎಲ್ಲಿಂದ ಬರಬೇಕು? ಭಾವ ಆಭರಣ ತೂಗುವ ಸಣ್ಣ ತಕ್ಕಡಿ ತರಿಸಿ ಸಾರಿನ ಪುಡಿ ತೂಗತೊಡಗಿದರು. ಮೂವರಿಗೆ ಎಪ್ಪತ್ತೆರಡು ಗ್ರೇನ್. ಒಮ್ಮೆ ಎಪ್ಪತ್ತಮೂರು ಬಿತ್ತೆಂದು ಚಿಮುಟದಿಂದ ತೆಗೆಯುತ್ತಿದ್ದರು.

"ಸಾರು ಕುದೀತಾ ಇದೆ ರೀ" ಎಂದಳು ಅಕ್ಕ.

"ಒಂದು ಗ್ರೇನ್ ಹೆಚ್ಚಾದ್ರೆ ಕಿಲೋಮೀಟರ್ ಆಚೆ ಗುರಿ ಎಷ್ಟು ತಪ್ಪುತ್ತೆ ಗೊತ್ತಾ?"

"ನನ್ನ ಬಾಯಿ ಇಲ್ಲೇ ಇದೆ. ಹಾಕಿ."

ಒಪ್ಪಿಕೊಳ್ಳಬೇಕು, ಅಂಥ ಸಾರನ್ನು ನಾನು ಆಮೇಲೆ ಉಂಡಿಲ್ಲ. ಅಥವಾ ಇದೂ ನೆನಪಿನ ಕಿತಾಪತಿಯೋ ಏನೋ.

ಸೆಪ್ಟೆಂಬರಿನಲ್ಲಿ ಅಕ್ಕನಿಗೇ ಕೋವಿಡ್ ಬಂತು. ರೂಮಿನ ಬಾಗಿಲು ಮುಚ್ಚಿಕೊಂಡು ಮಲಗಿದಳು. ಕೆಮ್ಮು ಹಾಲಿಗೆ ಕೇಳುತ್ತಿತ್ತು. ಭಾವ ಊಟದ ಮೇಜನ್ನು ಲ್ಯಾಪ್‌ಟಾಪ್ ಸಮೇತ ಅವಳ ಬಾಗಿಲಿನ ಪಕ್ಕಕ್ಕೆ ಎಳೆದುಕೊಂಡು ಅಲ್ಲಿಂದಲೇ ಮೀಟಿಂಗ್ ಮಾಡಿದರು. ಅವಳಿಗೆ ವಾಸನೆ ಹೋಯಿತೆಂದು ಗೊತ್ತಾದ ದಿನ ತಕ್ಕಡಿ ಮತ್ತೆ ಹೊರಗೆ ಬಂತು. ಸಾರಿನ ಬಟ್ಟಲನ್ನು ಬಾಗಿಲ ಮುಂದಿಟ್ಟು ಕೂಗಿದರು: "ಮೂವತ್ತು ಗ್ರೇನ್ ಜಾಸ್ತಿ ಹಾಕಿದೀನಿ. ಮ್ಯಾಗ್ನಂ ಲೋಡು. ವಾಸನೆ ಬಂತಾ?"

"ಇಲ್ಲ ರೀ."

ಮರುದಿನ ನಲವತ್ತು. ಅದರ ಮರುದಿನ ಐವತ್ತು. ನಾನು ಮಜ್ಜಿಗೆಗೆ ಮೊರೆಹೋದೆ. ಎಷ್ಟನೆಯ ದಿನವೋ ಡೈರಿಯಲ್ಲೂ ಬರೆದಿಲ್ಲ, ಒಳಗಿನಿಂದ ಒಂದು ಸೀನು ಕೇಳಿಸಿತು. ಹಿಂದೆಯೇ, "ಅಯ್ಯೋ, ಎಷ್ಟು ಮೆಣಸು ಸುರಿದಿದೀರಿ!" ಭಾವ ಬಾಗಿಲಿಗೆ ತಲೆಯಾನಿಸಿ ನಿಂತೇಬಿಟ್ಟರು.

ಅಕ್ಕ ಸುಧಾರಿಸಿಕೊಳ್ಳಲು ಒಂದು ತಿಂಗಳು ಹಿಡಿಯಿತು. ಆ ಹೊತ್ತಿಗೆ ಕೇಸುಗಳು ಮತ್ತೆ ಏರಿ ಮತ್ತೆ ಲಾಕ್‌ಡೌನ್ ಬಂದಿತ್ತು. ಸೋಮವಾರದಿಂದ ಡ್ಯೂಟಿಗೆ, ಅದೇ ವಾರ್ಡಿಗೆ ಹೋಗುತ್ತೇನೆಂದಳು. ಶುಕ್ರವಾರ ನೋಡಿದರೆ, ಬಾಗಿಲ ಹೊರಗಿನ ಸ್ಟ್ಯಾಂಡಿನಲ್ಲಿ ಅವಳ ಆಸ್ಪತ್ರೆಯ ಶೂಗಳಿಲ್ಲ.

"ಯಾರು ತಗೊಂಡು ಹೋಗ್ತಾರೆ ನನ್ನ ಹಳೇ ಶೂನ?"

"ಹೊಸದು ತರಿಸೋಣ ಬಿಡು" ಎಂದರು ಭಾವ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. "ಬರೋಕೆ ಎರಡು ವಾರ ಆಗುತ್ತೆ. ಅಲ್ಲೀವರೆಗೆ ರಜಾ ಹಾಕು."

ಅಕ್ಕ ಅವರನ್ನೇ ನೋಡಿದಳು.

ಆಯುಧಪೂಜೆ ಭಾನುವಾರ ಬಿತ್ತು. ಲ್ಯಾಪ್‌ಟಾಪು, ತರಕಾರಿ ಚಾಕು, ತಕ್ಕಡಿ, ನನ್ನ ಪೆನ್ನು, ಎಲ್ಲದಕ್ಕೂ ಕುಂಕುಮವಾಯಿತು. ಭಾವ ಬೀರುವಿನ ಬಾಗಿಲಿಗೂ ಬೊಟ್ಟಿಟ್ಟು ಮಂಗಳಾರತಿಗೆ ಅಣಿಯಾದರು.

"ಬಾಗಿಲು ತೆಗೀರಿ" ಎಂದಳು ಅಕ್ಕ. "ಆಯುಧ ಒಳಗಿರುತ್ತೆ, ಪೂಜೆ ಹೊರಗೆ ಮಾಡಿದ್ರೆ?"

"ಒಳಗೇನಿದೆ, ಖಾಲಿ."

"ತೆಗೀರಿ ಅಂದೆ."

ಭಾವ ಜನಿವಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈ ಬಿಚ್ಚಿದರು. ಮ್ಯಾಗ್ನಂ ನಿಲ್ಲಬೇಕಾಗಿದ್ದ ಜಾಗದಲ್ಲಿ ಅಕ್ಕನ ಶೂಗಳಿದ್ದವು. ತೊಳೆದು, ಲೇಸು ಕಟ್ಟಿ, ಜೋಡಿಸಿ ಇಟ್ಟಿದ್ದರು. ಹೊಸ್ತಿಲು ದಾಟಬಾರದ ಶೂಗಳು.

ಅಕ್ಕ, "ಲೈಸೆನ್ಸ್ ಇಲ್ದೆ ಇಟ್ಕೊಂಡಿದೀರಲ್ಲ ರೀ" ಎಂದಳು.

ಭಾವ ಬೆರಳನ್ನು ಕುಂಕುಮದಲ್ಲಿ ಅದ್ದಿ ಎರಡೂ ಶೂಗಳ ಮೂತಿಗೆ ಒಂದೊಂದು ಬೊಟ್ಟಿಟ್ಟರು. ಆರತಿ ಎತ್ತಿದರು. ಆಮೇಲೆ ಎರಡೂ ಕೈಯಲ್ಲಿ ಅವನ್ನು ಹೊರತೆಗೆದು ಅವಳಿಗೆ ಕೊಟ್ಟರು.

ಸೋಮವಾರ ಬೆಳಿಗ್ಗೆ ಅಕ್ಕ ತನ್ನ ಆಸ್ಪತ್ರೆಯಿರುವ ಬ್ಯೂಮಾಂಟ್ ಕಡೆಯ ಬಸ್ಸಿಗೆ ಹೊರಟಳು. ಭಾವ ಕಿಟಕಿಯಲ್ಲಿ ನಿಂತಿದ್ದರು, ನಾನು ಅವಳ ಜೊತೆ ನಡೆದಿದ್ದೆ. ಹೊರಡುವ ಮುನ್ನ ಅವಳು ಶೂ ಮೇಲಿನ ಕುಂಕುಮವನ್ನು ಟಿಶ್ಯೂವಿನಿಂದ ಒರೆಸಿಕೊಂಡಳು ಎಂದು ನನ್ನ ನೆನಪು. ನರ್ಸಲ್ಲವೇ, ಒರೆಸಿಯೇ ಇರಬೇಕು. ಆದರೆ ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: "ಬಸ್ ಸ್ಟಾಪಿನವರೆಗೂ ಒರೆಸಲಿಲ್ಲ."