ಹತ್ತಿ ಮೇಷ್ಟ್ರ ಬಿಸಿನೊರೆ

ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಮಕ್ಕಳಿಗೆ ಪಾಠ ಹೇಳುತ್ತಲೇ ತಲೆ ನರೆಸಿಕೊಂಡಿದ್ದರು. ಅವರ ಮನೆಯ ಬಿಸಿನೀರಿಗೆ ಮಾತ್ರ ಬೇರೆಯೇ ನಿಯಮ. ಅದು ಮೊದಲು ಅತ್ತೆಯ ಕಡೆಗೆ ಹರಿಯುತ್ತಿತ್ತು, ಆಮೇಲೆ ಹೆಂಡತಿಯ ಕಡೆಗೆ, ಕೊನೆಗೆ ಮಗಳ ಕಡೆಗೆ. ಅಲ್ಲಿಗೆ ಬತ್ತಿಹೋಗುತ್ತಿತ್ತು. ಮೇಷ್ಟ್ರು ಬಚ್ಚಲಿಗೆ ಕಾಲಿಡುವ ಹೊತ್ತಿಗೆ ಗೀಸರಿನಲ್ಲಿ ಉಳಿದಿರುತ್ತಿದ್ದುದು ಬಿಸಿನೀರಿನ ನೆನಪು ಮಾತ್ರ.

ಸ್ನಾನಕ್ಕೆ ತಣ್ಣೀರು ಸಾಕು ಎಂದು ಅವರು ಎಂದೋ ಸೋತು ಒಪ್ಪಿಕೊಂಡಿದ್ದರು. ಗಡ್ಡ ಒಪ್ಪಬೇಕಲ್ಲ! ಚಳಿಗಾಲದಲ್ಲಿ ತಣ್ಣನೆಯ ನೊರೆ ಮುಖಕ್ಕೆ ತಗುಲಿದ ಕೂಡಲೇ ಚರ್ಮ ಮುಳ್ಳೇಳುತ್ತಿತ್ತು. ಮುಳ್ಳೆದ್ದ ಚರ್ಮದ ಮೇಲೆ ಬ್ಲೇಡು ಎಳೆದರೆ ಏನಾಗುತ್ತದೆಂದು ತಿಳಿಯಲು ವಿಜ್ಞಾನ ಓದಬೇಕಾಗಿಲ್ಲ. ದಿನವೂ ಗದ್ದದ ಮೇಲೊಂದು ಹತ್ತಿಯ ಚೂರು ಅಂಟಿಸಿಕೊಂಡೇ ಅವರು ಶಾಲೆಗೆ ಹೋಗುತ್ತಿದ್ದರು. ಮಕ್ಕಳು ಅವರಿಗೆ ‘ಹತ್ತಿ ಮೇಷ್ಟ್ರು’ ಎಂದು ನಾಮಕರಣ ಮಾಡಿದ್ದರು. ಶಾಲೆಯ ಮೊಗಸಾಲೆಯಲ್ಲಿ ತೂಗುಹಾಕಿದ ವಾರ್ಷಿಕ ಫೋಟೋಗಳಲ್ಲೆಲ್ಲ ಮೇಷ್ಟ್ರ ಗದ್ದದ ಮೇಲೆ ಆ ಬಿಳಿ ಚುಕ್ಕೆ ಧ್ರುವನಕ್ಷತ್ರದಂತೆ ಸ್ಥಿರವಾಗಿತ್ತು. (ಒಂದು ವರ್ಷ ಎಡಕ್ಕೆ, ಒಂದು ವರ್ಷ ಬಲಕ್ಕೆ. ಅಷ್ಟರಮಟ್ಟಿಗೆ ಗ್ರಹವೆಂದರೂ ಸರಿ.)

ಈ ವರ್ಷವಾದರೂ ಹತ್ತಿಯಿಲ್ಲದ ಒಂದು ಫೋಟೋ ಬೇಕು. ಅದೊಂದೇ ಅವರ ಆಸೆ.

ಹಾಗಾಗಿ, ಹಳೆ ಸಾಮಾನಿನ ಅಂಗಡಿಯಲ್ಲಿ ಗಡ್ಡದ ನೊರೆಗೆಂದೇ ಮಾಡಿದ ಒಂದು ಪಾತ್ರೆ ಕಂಡಾಗ ಅವರ ಕಾಲು ತಾನಾಗಿ ನಿಂತಿತು. ಪಿಂಗಾಣಿಯದು, ಗಿಡ್ಡ, ಹೊಟ್ಟೆ ದಪ್ಪ. ಒಂದು ಕಡೆ ಹಿಡಿ, ಇನ್ನೊಂದು ಕಡೆ ಅಗಲವಾದ ಮೂತಿ. ಮೂತಿಯೊಳಗೆ ಬಿಸಿನೀರು ಸುರಿದರೆ ಅದು ಹೊಟ್ಟೆಯೊಳಗೆ ನಿಲ್ಲುತ್ತದೆ. ಮೇಲಿರುವ ಬಟ್ಟಲಿನಲ್ಲಿ ಸೋಪು ಉಜ್ಜಿ ಬ್ರಷ್ಷು ಆಡಿಸಿದರೆ ನೊರೆ ಕೊನೆಯವರೆಗೂ ಬೆಚ್ಚಗಿರುತ್ತದೆ. ಒಂದು ಚೊಂಬು ಬಿಸಿನೀರು ಸಾಕು, ಗೀಸರಿನ ಹಂಗಿಲ್ಲ.

ಅದನ್ನು ಮನೆಗೆ ತಂದು ಸುಮ್ಮನೆ ಬಚ್ಚಲಲ್ಲಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರಿಗೆ ಒಂದು ರೋಗವಿತ್ತು. ಯಾವುದನ್ನೇ ಆಗಲಿ ವಿವರಿಸದೆ ಅನುಭವಿಸಲು ಅವರಿಂದ ಆಗುತ್ತಿರಲಿಲ್ಲ.

“ಇದೇನ್ರೀ, ಗರ್ಭಿಣಿ ಲೋಟ?” ಎಂದಳು ಹೆಂಡತಿ. ಗ್ರಂಥಾಲಯದ ಕೆಲಸದಲ್ಲಿ ಇಡೀ ದಿನ ಪಿಸುಗುಟ್ಟಿ ಬಂದ ಮೇಲೆ ಮನೆಯಲ್ಲಿ ಅವಳ ದನಿಗೆ ಅಂಕೆಯಿರುತ್ತಿರಲಿಲ್ಲ.

ಅಷ್ಟು ಸಾಕಾಯಿತು. ಮೇಷ್ಟ್ರು ಊಟದ ಮೇಜಿನ ಮೇಲೆ ಪಾತ್ರೆಯನ್ನು ಪ್ರತಿಷ್ಠಾಪಿಸಿ, ಬಿಸಿನೀರು ಸುರಿದು, ಉಷ್ಣಮಾಪಕ ಅದ್ದಿ, ಉಪನ್ಯಾಸ ಆರಂಭಿಸಿದರು. “ನೋಡಿ, ಎರಡು ಗೋಡೆ, ನಡುವೆ ಬಿಸಿನೀರು. ನೇರವಾಗಿ ಬೆಂಕಿ ತಗುಲಲ್ಲ, ಹಾಗಾಗಿ ಸುಡಲ್ಲ. ಸುತ್ತ ಬಿಸಿ ಇರುತ್ತೆ, ಹಾಗಾಗಿ ಬೇಗ ಆರಲ್ಲ. ಒಳಗಿಟ್ಟಿದ್ದಕ್ಕೆ ಒಂದೇ ಸಮನಾದ, ಹಿತವಾದ ಬಿಸಿ.”

“ಏನಿಟ್ರೂನಾ, ಅಳಿಯಂದ್ರೇ?” ಎಂದರು ಅತ್ತೆ.

ಇಷ್ಟು ವರ್ಷದಲ್ಲಿ ಅವರ ಪಾಠದ ನಡುವೆ ಯಾರೂ ಇಂಥ ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಮೇಷ್ಟ್ರು ಉಬ್ಬಿಹೋದರು. “ಏನಿಟ್ರೂ, ಅತ್ತೆ! ಏನೇ ಇಟ್ರೂ!”

ಮರುದಿನ ಬೆಳಿಗ್ಗೆ ಪಾತ್ರೆ ಬಚ್ಚಲಲ್ಲಿರಲಿಲ್ಲ. ಅತ್ತೆಯ ಮಂಚದ ಪಕ್ಕದಲ್ಲಿತ್ತು. ಬಟ್ಟಲಿನಲ್ಲಿ ಮೊಣಕಾಲಿನ ಎಣ್ಣೆ ಹಿತವಾಗಿ ಬೆಚ್ಚಗಾಗುತ್ತಿತ್ತು.

“ಅತ್ತೆ, ಅದು ಗಡ್ಡದ ಪಾತ್ರೆ!”

“ಗಡ್ಡ ನಾಳೆನೂ ಬರುತ್ತೆ ಅಳಿಯಂದ್ರೇ. ಮೊಣಕಾಲು ಇವತ್ತೇ ನೋಯ್ತಿದೆ.”

ಮೇಷ್ಟ್ರು ಅಂದೂ ತಣ್ಣನೆಯ ನೊರೆಯನ್ನೇ ಬಳಿದುಕೊಂಡರು. ಅದರ ಮರುದಿನ ಪಾತ್ರೆ ಅಡುಗೆಮನೆಯಲ್ಲಿ ಸಿಕ್ಕಿತು, ಬಟ್ಟಲಿನಲ್ಲಿ ಬೆಣ್ಣೆ. “ಫ್ರಿಜ್ಜಿಂದ ತೆಗೆದ ಬೆಣ್ಣೆ ಕಲ್ಲಾಗಿರುತ್ತೆ ಕಣ್ರೀ, ಬ್ರೆಡ್ಡೇ ಹರಿದುಹೋಗುತ್ತೆ. ಇದರಲ್ಲಿಟ್ರೆ ನೋಡಿ, ಹದ ಅಂದ್ರೆ ಹದ!” ಎಂದಳು ಹೆಂಡತಿ. ಆಮೇಲೆ ಮಗಳ ಕೋಣೆಯಲ್ಲಿ ಸಿಕ್ಕಿತು. ಕಾಲೇಜಿಗೆ ಹೊರಡುವ ಮೊದಲು ಒಡೆದ ಹಿಮ್ಮಡಿಗೆ ಹಚ್ಚುವ ಮೇಣವನ್ನು ಅವಳು ಅದರಲ್ಲಿ ಕರಗಿಸುತ್ತಿದ್ದಳು. “ಅಪ್ಪಾ, ನಿಮ್ಮ ತತ್ತ್ವ ಸೂಪರ್!”

ತತ್ತ್ವ ಗೆದ್ದಿತ್ತು, ತತ್ತ್ವಜ್ಞಾನಿ ಸೋತಿದ್ದ. ಒಮ್ಮೆ ಪಾತ್ರೆ ಕೈಗೆ ಸಿಕ್ಕಿತೆಂದು ಆಸೆಯಿಂದ ಸೋಪು ಉಜ್ಜಿದರೆ ನೊರೆಯೇ ಏಳಲಿಲ್ಲ. ಎಣ್ಣೆಯ ಪಸೆ ಇದ್ದಲ್ಲಿ ನೊರೆ ನಿಲ್ಲುವುದಿಲ್ಲ, ಇದೂ ಅವರೇ ಹೇಳುವ ಪಾಠ. ಆ ದಿನ ಗದ್ದದ ಮೇಲೆ ಎರಡು ಹತ್ತಿ.

ಫೋಟೋದ ಹಿಂದಿನ ಸಂಜೆ ಮೇಷ್ಟ್ರು ಸಂಧಾನಕ್ಕೆ ಕುಳಿತರು. ದನಿಯಲ್ಲಿ ಜಗಳದ ಕಸುವೂ ಉಳಿದಿರಲಿಲ್ಲ.

“ನಾಳೆ ಒಂದು ದಿನ. ತೊಳೆದ ಪಾತ್ರೆ, ಒಂದು ಚೊಂಬು ಬಿಸಿನೀರು. ಇನ್ನೇನೂ ಕೇಳಲ್ಲ.”

ಮೂವರೂ ಮುಖ ಮುಖ ನೋಡಿಕೊಂಡರು. ಹೆಂಡತಿಯ ಮನಸ್ಸು ಒಂದು ಕ್ಷಣ ಕರಗಿದಂತೆ ಕಂಡಿತು. ಬೆಣ್ಣೆಯಷ್ಟು ಅಲ್ಲ.

“ಸರಿ. ಆದ್ರೆ ಸುಮ್ನೆ ಗಲಾಟೆ ಬೇಡ, ಇದು ಇತ್ಯರ್ಥ ಆಗ್ಲಿ. ನೊರೆ ಬಿಸಿ ಇದ್ರೆ ಕೊಯ್ಯಲ್ಲ ಅಂತ ತಾನೇ ನಿಮ್ಮ ವಾದ? ನಾಳೆ ಸಂಜೆ ಹತ್ತಿ ಇಲ್ದೆ ಮನೆಗೆ ಬನ್ನಿ, ಪಾತ್ರೆ ಶಾಶ್ವತವಾಗಿ ನಿಮ್ದು. ಹತ್ತಿ ಇಟ್ಕೊಂಡು ಬಂದ್ರೆ ಅಮ್ಮಂದು. ಜೊತೆಗೆ ದಿನಾ ನೀವೇ ಎದ್ದು ಅದಕ್ಕೆ ಬಿಸಿನೀರು ತುಂಬಿಸಿ ಕೊಡ್ಬೇಕು.”

“ನಾನ್ಯಾಕೆ?”

“ತತ್ತ್ವ ಗೊತ್ತಿರೋರು ನೀವೊಬ್ರೇ ಅಲ್ವಾ?”

ಪ್ರಯೋಗಕ್ಕೆ ಹೆದರುವವನು ವಿಜ್ಞಾನದ ಮೇಷ್ಟ್ರಾಗಲಾರ. ಅವರು ಒಪ್ಪಿದರು.

ಬೆಳಿಗ್ಗೆ ಮೊದಲ ಸಲ ಬಿಸಿನೊರೆ ಕೆನ್ನೆಗೆ ತಗುಲಿದಾಗ ಮೇಷ್ಟ್ರು ಕಣ್ಣು ಮುಚ್ಚಿದರು. ಯಾರೋ ಹಿಂದಿನಿಂದ ಬಂದು ಬೆಚ್ಚನೆಯ ಅಂಗೈಯಲ್ಲಿ ಮುಖ ಹಿಡಿದಂತಿತ್ತು. ಚರ್ಮ ಮುಳ್ಳೇಳಲಿಲ್ಲ. ಬ್ಲೇಡು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. (ಬೆಣ್ಣೆಯನ್ನು ನೆನೆಯಬಾರದಿತ್ತು, ನೆನೆದರು.) ಎಡ, ಬಲ, ಮೂಗಿನ ಕೆಳಗಿನ ಕಠಿಣ ಕಣಿವೆ, ಎಲ್ಲೂ ಒಂದು ಹನಿ ರಕ್ತವಿಲ್ಲ. ಹೆಂಡತಿ ದೀಪದ ಕೆಳಗೆ ನಿಲ್ಲಿಸಿ ಗದ್ದ ತಿರುಗಿಸಿ ತಿರುಗಿಸಿ ನೋಡಿದಳು.

“ಪರವಾಗಿಲ್ವೇ!” ಎಂದಳು. ಮದುವೆಯಾದ ಮೇಲೆ ಆ ಮುಖಕ್ಕೆ ಸಿಕ್ಕ ಅತಿ ದೊಡ್ಡ ಬಿರುದು ಅದು.

ಶಾಲೆಯ ಮೈದಾನದಲ್ಲಿ ಬೆಂಚುಗಳನ್ನು ಜೋಡಿಸಿದ್ದರು. ಕೊನೆಯ ವರ್ಷದ ತರಗತಿ ಸಾಲುಗಟ್ಟಿ ನಿಂತಿತ್ತು. ಮೇಷ್ಟ್ರು ಗದ್ದವನ್ನು ಬಿಸಿಲಿಗೆ ಒಡ್ಡಿಕೊಂಡು ಹತ್ತಿರ ಬಂದರು. ಬಂದವರು ಅಲ್ಲೇ ನಿಂತರು.

ಇಡೀ ತರಗತಿಯ ಗದ್ದದ ಮೇಲೆ ಹತ್ತಿ. ಮೀಸೆ ಮೂಡದ ಹುಡುಗರು, ಗಡ್ಡವೇ ಬಾರದ ಹುಡುಗಿಯರು, ಒಬ್ಬರನ್ನೂ ಬಿಡದೆ ಎಲ್ಲರ ಮುಖದ ಮೇಲೂ ಒಂದೊಂದು ಬಿಳಿ ಚುಕ್ಕೆ.

ಮಕ್ಕಳ ನಗು ಹೊರಡುವ ಮೊದಲೇ ನಿಂತಿತು. ತರಗತಿಯ ಲೀಡರ್ ಹುಡುಗಿ ಮೇಷ್ಟ್ರ ಮುಖವನ್ನೇ ನೋಡಿದಳು.

“ಸರ್... ಹತ್ತಿ ಎಲ್ಲಿ ಸರ್?”

“ಇವತ್ತು ಕೊಯ್ದುಕೊಳ್ಳಲಿಲ್ಲಮ್ಮ,” ಎಂದರು ಮೇಷ್ಟ್ರು. ಯಾಕೋ ತಪ್ಪು ಮಾಡಿದವರ ದನಿಯಂತೆ ಕೇಳಿಸಿತು.

“ಇದು ನಮ್ಮ ಕೊನೇ ವರ್ಷ ಸರ್. ಮುಂದೆ ಯಾರಾದ್ರೂ ಫೋಟೋ ನೋಡಿದ್ರೆ ನಾವು ಯಾವ ಮೇಷ್ಟ್ರ ಮಕ್ಕಳು ಅಂತ ಗೊತ್ತಾಗ್ಲಿ ಅಂತ...” ಅವಳ ದನಿ ಇಳಿಯಿತು. “ಈಗ ನಿಮಗೊಬ್ರಿಗೇ ಇಲ್ವಲ್ಲ ಸರ್.”

ಪಕ್ಕದಲ್ಲಿದ್ದ ಡ್ರಿಲ್ ಮೇಷ್ಟ್ರು ನಗು ತಡೆಯಲು ಸೀಟಿ ಕಚ್ಚಿಕೊಂಡರು, ಅದು ಪೀಪೀ ಎಂದಿತು. ಸಾಲಿನಲ್ಲಿ ಒಬ್ಬೊಬ್ಬರಾಗಿ ಹತ್ತಿ ಕೀಳಲು ಕೈಯೆತ್ತುತ್ತಿದ್ದರು.

ಮೇಷ್ಟ್ರು ನುಣ್ಣಗಿನ ಗದ್ದವನ್ನು ಕೊನೆಯ ಸಲ ನೇವರಿಸಿಕೊಂಡರು. ಒಂದು ನಿಟ್ಟುಸಿರು ಬಂತು.

“ಯಾರೂ ಕೀಳಬೇಡಿ. ಇನ್ನೊಂದು ಚೂರು ಇದೆಯೇನಮ್ಮ?”

ಹತ್ತಿ ಇತ್ತು. ಆದರೆ ಆ ಗದ್ದದ ಮೇಲೆ ನಿಲ್ಲಲಿಲ್ಲ. ಬಿಸಿನೊರೆಯ ಮಹಿಮೆಯಿಂದ ಗದ್ದ ಗಾಜಿನಂತಾಗಿತ್ತು, ಇಟ್ಟ ಹತ್ತಿ ಇಟ್ಟಂತೆ ಜಾರುತ್ತಿತ್ತು. “ಬೇಗ ಆಗ್ಲಿ ಸಾರ್, ಬಿಸಿಲು ಕಣ್ಣಿಗೆ ಬರ್ತಿದೆ!” ಎಂದು ಫೋಟೋದವನು ಕೂಗಿದ. ಯಾರೋ ಗೋಂದಿನ ಬಾಟಲಿ ತಂದರು. ಧಾರಾಳವಾಗಿಯೇ ಹಚ್ಚಿದರು. ಇಡೀ ತರಗತಿ ಹೋ ಎಂದಿತು, ಫೋಟೋ ಆಯಿತು.

ಸಂಜೆ ಶಾಲೆಯ ನಲ್ಲಿಯ ಬಳಿ ಮೇಷ್ಟ್ರು ಒಣಗಿದ ಹತ್ತಿಯನ್ನು ಕಿತ್ತರು. ಹತ್ತಿಯ ಜೊತೆ ಚರ್ಮವೂ ಒಂದಿಷ್ಟು ಬಂತು. ರಕ್ತ ಒಸರಿತು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅದನ್ನು ನಿಲ್ಲಿಸಲು ಅವರಿಗೆ ಗೊತ್ತಿದ್ದ ಉಪಾಯ ಒಂದೇ.

ಬಾಗಿಲು ತೆರೆದ ಹೆಂಡತಿ ಗದ್ದದ ಮೇಲಿನ ಹತ್ತಿಯನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಷ್ಟೇ. ಮೇಷ್ಟ್ರು ಎಲ್ಲವನ್ನೂ ಮೊದಲಿನಿಂದ ವಿವರಿಸಿದರು. ಮಕ್ಕಳ ಸಾಲಿನ ಹತ್ತಿರ ಬಂದಾಗ ಅವರ ದನಿ ಒಂದು ಕ್ಷಣ ತೊಡರಿತು. ಹೆಂಡತಿ ಅದನ್ನು ಗಮನಿಸಿದಳು. ಒಂದು ಲೋಟ ಚಹಾ ತಂದು ಮುಂದಿಟ್ಟಳು.

“ನಂಬ್ತೀನಿ ಕಣ್ರೀ. ಆದ್ರೆ ಕಾರಣ ಆಮೇಲೆ, ಮೊದಲು ಫಲಿತಾಂಶ ನೋಡಿ ಅಂತ ಮಕ್ಕಳಿಗೆ ಹೇಳೋರು ಯಾರು?”

“ನಾನೇ,” ಎಂದರು ಮೇಷ್ಟ್ರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಪಾತ್ರೆಗೆ ಬಿಸಿನೀರು ತುಂಬಿಸಿ, ಬಟ್ಟಲಿಗೆ ಎಣ್ಣೆ ಸುರಿದು ಅತ್ತೆಯ ಮಂಚದ ಪಕ್ಕದಲ್ಲಿಟ್ಟರು. ತಣ್ಣೀರಿನಲ್ಲಿ ಗಡ್ಡ ಕೆರೆದು, ಹಳೆಯ ಗಾಯದ ಪಕ್ಕ ಹೊಸದೊಂದನ್ನು ಮಾಡಿಕೊಂಡು ಹೊರಬಂದರು.

ಅತ್ತೆ ಮೊಣಕಾಲು ನೀವಿಕೊಳ್ಳುತ್ತ ಅವರ ಮುಖ ನೋಡಿದರು.

“ಬನ್ನಿ ಇಲ್ಲಿ ಅಳಿಯಂದ್ರೇ. ಬಟ್ಟಲಲ್ಲಿ ಒಂಚೂರು ಉಳಿದಿದೆ. ಗಾಯಕ್ಕೂ ಆಗುತ್ತೆ.”

ಮೇಷ್ಟ್ರು ಬಗ್ಗಿ ಗದ್ದ ಒಡ್ಡಿದರು. ಎಣ್ಣೆ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಆದರೆ ಬೆಚ್ಚಗಿತ್ತು.