ಸವೆಯದ ಕ್ಲಚ್ಚು

ಕಾರಿನ ಕ್ಲಚ್ಚಿಗೆ ತೆಂಗಿನೆಣ್ಣೆ ಹಚ್ಚಿದ ಬುದ್ಧಿವಂತ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ಕೈತಪ್ಪಿ ಚೆಲ್ಲಿದ್ದಲ್ಲ. ಪರೀಕ್ಷೆ ಮಾಡಿ, ಯೋಚಿಸಿ, ಎರಡೆರಡು ಸಲ ಹಚ್ಚಿದ್ದು.

ಬಂಟ್ವಾಳದ ಮೋನಬ್ಬ ಮೇಸ್ತ್ರಿಯ ಗ್ಯಾರೇಜಿನಲ್ಲಿ ನಾನು ಮೂರು ವರ್ಷದಿಂದ ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯುವ ಉನ್ನತ ಹುದ್ದೆಯಲ್ಲಿದ್ದೆ. ಆಗ ಮೂಡುಬಿದಿರೆಯ ಬಲ್ಲಾಳರ ಕಾರು ಬಂತು. ಅವರ ತಂದೆ ಯಾರೋ ಬಿಳಿ ದೊರೆಯಿಂದ ಕೊಂಡ ಗಾಡಿ. ಬಲ್ಲಾಳರ ಮಗನಿಗೆ ಬೆಳ್ತಂಗಡಿಯಲ್ಲಿ ಮದುವೆ. ಮದುಮಗ ಅಜ್ಜನ ಕಾರಿನಲ್ಲೇ ಇಳಿಯಬೇಕಂತೆ. ಆದರೆ ಎಂಜಿನ್ನಿನ ಓಟವನ್ನು ಹಿಡಿದು ಗಾಲಿಗೆ ಕೊಡುವ ಕ್ಲಚ್ಚಿನ ಲೈನಿಂಗ್ ಎಂಬ ಪಟ್ಟಿ ಪೂರ್ತಿ ಸವೆದಿತ್ತು. ಹೊಸತು ಮಾಡುವ ಕಂಪೆನಿಯೇ ಮುಚ್ಚಿತ್ತು.

"ಅಕ್ಕಿ ಮಿಲ್ಲಿನ ಹಳೇ ಬೆಲ್ಟುಂಟಲ್ಲ, ಅದನ್ನೇ ಕತ್ತರಿಸಿ ರಿವೆಟ್ ಹೊಡಿ. ಸರಿಯಾದ್ರೆ ಮುಂದಿನ ಎಂಜಿನ್ ನಿನ್ನ ಕೈಗೇ ಬಿಡ್ತೇನೆ" ಎಂದು ಮೇಸ್ತ್ರಿ ಮಗಳ ಮನೆಗೆಂದು ವಿಟ್ಲಕ್ಕೆ ಹೋದರು.

ನಾಳೆ ಎಂಜಿನ್ ಬಿಚ್ಚಬೇಕಾದವನು ಹೇಳಿದ್ದನ್ನಷ್ಟೇ ಮಾಡಿದರೆ ಮರ್ಯಾದೆ ಉಂಟೆ? ಮಿಲ್ಲಿನ ಬೆಲ್ಟು, ಕೋಣದ ತೊಗಲು, ಎಣ್ಣೆ ಹಚ್ಚಿದ ಕೋಣದ ತೊಗಲು – ಮೂರನ್ನೂ ಅಮ್ಮನ ಕಡೆಯುವ ಕಲ್ಲಿಗೆ ನೂರು ನೂರು ಸಲ ಉಜ್ಜಿದೆ. (ಒಂದು ವಾರ ನಮ್ಮ ಮನೆಯ ಚಟ್ನಿಗೆ ಮಿಲ್ಲಿನದೇ ಪರಿಮಳ.) ಬೆಲ್ಟು ಸವೆಯಿತು, ಒಣ ತೊಗಲೂ ಸವೆಯಿತು. ಎಣ್ಣೆ ಕುಡಿದ ತೊಗಲಿಗೆ ಮಾತ್ರ ಒಂದು ಗೀರೂ ಇಲ್ಲ. ಇಲ್ಲಿ ಚಪ್ಪಲಿಯಿಂದ ಹಿಡಿದು ಚೆಂಡೆಯ ಬಾರಿನವರೆಗೆ ತೊಗಲೆಂದರೆ ಎಣ್ಣೆಯೇ ಆಯುಷ್ಯ, ಹಸುಗೂಸನ್ನೂ ಎಣ್ಣೆ ಹಚ್ಚದೆ ಬಿಡುವುದಿಲ್ಲ. ಕ್ಲಚ್ಚು ಯಾವ ಲೋಕದ್ದು? ಆ ಎಣ್ಣೆ ತೊಗಲನ್ನೇ ರಿವೆಟ್ ಹೊಡೆದು ಕೂರಿಸಿದೆ. ಪೇಟೆಯ ಸಪಾಟು ರಸ್ತೆಯಲ್ಲಿ ಕಾರು ಬೆಣ್ಣೆಯ ಹಾಗೆ ಹೋಯಿತು. ಬೆಣ್ಣೆಯ ಗುಣ ಏನೆಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಮದುವೆಯ ದಿನ, ವೇಣೂರು ದಾಟಿದ ಮೇಲಿನ ಏರಿನಲ್ಲಿ. ಕ್ಲಚ್ಚಿನ ಕಾವಲಿಗೆಂದು ನಾನೂ ಕಾರಿನಲ್ಲಿದ್ದೆ. ಎಂಜಿನ್ ಹುಲಿಯಂತೆ ಗರ್ಜಿಸಿತು, ಕಾರು ಮಾತ್ರ ಹಿಂದಕ್ಕೆ ಜಾರತೊಡಗಿತು. ಒಳಗೆಲ್ಲ ಕಾಯಿ ಹುರಿದ ವಾಸನೆ. ಪಕ್ಕದಲ್ಲಿ ಹೋದ ಎತ್ತಿನ ಗಾಡಿಯವನು, "ಕಟ್ಟುವುದಾ ಮಾರಾಯ್ರೆ ಹಗ್ಗ?" ಎಂದ.

"ಮುಹೂರ್ತ ತಪ್ಪಿದ್ರೆ ನಿನ್ನನ್ನು ಈ ಏರಲ್ಲೇ ಹೂತು ಹೋಗ್ತೇನೆ" ಎಂದರು ಬಲ್ಲಾಳರು, ಬಹಳ ಮೆತ್ತಗೆ.

ಕೊನೆಗೆ ಮದುಮಗನೇ ಜರಿ ಪೇಟ ತೆಗೆದಿಟ್ಟು ತಳ್ಳಿದ. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಉಪಕಾರ ಮಾಡುವ ಹುರುಪಿನಲ್ಲಿ ಅವನಿಗೆ ಕೈ ಒರೆಸಲು ಬಟ್ಟೆ ಕೊಟ್ಟೆ – ನಾನು ಗ್ರೀಸ್ ಒರೆಸುವ ಬಟ್ಟೆ. ಧಾರೆಯ ನೀರು ಹುಡುಗಿಯ ಅಂಗೈ ಮೇಲೆ ಕಪ್ಪಾಗಿ ಇಳಿದದ್ದನ್ನು ಇಡೀ ಚಪ್ಪರ ನೋಡಿತು.

ಮರುದಿನ ವಿಟ್ಲದಿಂದ ಬಂದ ಮೇಸ್ತ್ರಿ ಕ್ಲಚ್ಚು ಬಿಚ್ಚಿದರು. ತೊಗಲು ಕರಿದ ಹಪ್ಪಳವಾಗಿತ್ತು. "ಕಲ್ಲಲ್ಲಿ ಉಜ್ಜುವಾಗ ಇದೊಂದೇ ಸವೆಯಲಿಲ್ಲ ಮೇಸ್ತ್ರಿ" ಎಂದು ನನ್ನ ಸಂಶೋಧನೆಯನ್ನು ಅರುಹಿದೆ.

ಅವರು ಬೀಡಿ ಹಚ್ಚಿ ನನ್ನನ್ನೇ ನೋಡಿದರು. "ಹಿಡಿದು ಕೆಲಸ ಮಾಡುವಂಥದ್ದು ಸವೀತದೆ ಮಾರಾಯ. ಜಾರುವಂಥದ್ದು ಯಾಕೆ ಸವೀಲಿಕ್ಕೆ? ನೀನೇ ನೋಡು, ಮೂರು ವರ್ಷ ಆಯ್ತು ಇಲ್ಲಿಗೆ ಬಂದು, ಹೊಸತರ ಹಾಗೇ ಇದ್ದಿ."